ಗಾಲಿಮನೆಗಳ ಊರಿನಲ್ಲಿ ಹಕ್ಕಿಗಳ ಬೆಳಗು

ಫೆಬ್ರವರಿ ಕೊನೆಯ ಒಂದು ಬೆಳಗು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಗಲೇ ಪೊದೆಯೊಳಗಿಂದ ‘ಚಾಚಲಾಕ, ಚಾಚಲಾಕ’ ಎಂಬ ಕರ್ಕಶ ಗದ್ದಲ ಏಳುತ್ತದೆ. ಒಂದು ಗುಂಪು ಕೂಗಿದರೆ ಸಾಕು, ಆಚೆ ಪೊದೆಯಿಂದ ಇನ್ನೊಂದು ಗುಂಪಿನ ಉತ್ತರ ಸಿದ್ಧ! ಹೆಚ್ಚು ಕಡಿಮೆ ಕೋಳಿಯನ್ನೇ ಹೋಲುವ ಈ ಕಂದು ಹಕ್ಕಿಗೆ ಅದರ ಕೂಗೇ ಹೆಸರು. ಈ ಗಲಾಟೆಗೆ ಸಾಲಾಗಿ ನಿಂತ ಗಾಲಿಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕೈಯಲ್ಲಿ ಕಾಫಿ, ಕೊರಳಲ್ಲಿ ದುರ್ಬೀನು ಹಿಡಿದ ಅಜ್ಜ ಅಜ್ಜಿಯರು ಹೊರಗೆ ಬರುತ್ತಾರೆ.

ಇದು ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣದ ತುದಿ. ಮೆಕ್ಸಿಕೋದ ಗಡಿಯಾಗಿ ಹರಿಯುವ ರಿಯೋ ಗ್ರಾಂಡ್ ನದಿಯ ಬಯಲು. ಮಿಷನ್, ಮೆಕ್‌ಆಲನ್, ವೆಸ್ಲಾಕೋ, ಹಾರ್ಲಿಂಜನ್ ಮುಂತಾದ ಊರುಗಳ ಸುತ್ತ ‘ಆರ್.ವಿ. ಪಾರ್ಕ್’ಗಳು ಹಬ್ಬಿವೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲವನ್ನೂ ಒಳಗೊಂಡ ವಾಹನವನ್ನು ತಂದು ನಿಲ್ಲಿಸಿ, ನೀರಿನ ಕೊಳವೆ, ವಿದ್ಯುತ್ ತಂತಿ ಜೋಡಿಸಿಕೊಂಡರೆ ಅಲ್ಲೇ ಸಂಸಾರ. ಮಿನ್ನೆಸೋಟ, ಅಯೋವಾ, ಕೆನಡಾದ ಮ್ಯಾನಿಟೋಬಾ ಮುಂತಾದ ಕಡೆ ಹಿಮ ಬೀಳತೊಡಗಿದಂತೆ ನಿವೃತ್ತ ದಂಪತಿಗಳು ದಕ್ಷಿಣಕ್ಕೆ ಹೊರಡುತ್ತಾರೆ. ವಸಂತದವರೆಗೆ ಇಲ್ಲೇ ಬಿಡಾರ. ಸ್ಥಳೀಯರು ಇವರನ್ನು ‘ವಿಂಟರ್ ಟೆಕ್ಸನ್’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ.

ಇವರ ದಿನಚರಿಯಲ್ಲಿ ಇಸ್ಪೀಟು, ಹರಟೆ, ಸಾಮೂಹಿಕ ಊಟಗಳ ಜೊತೆಗೆ ಹಕ್ಕಿಗಳಿಗೂ ಜಾಗವಿದೆ. ಕಿತ್ತಳೆ ಹಣ್ಣನ್ನು ಅರ್ಧಕ್ಕೆ ಕೊಯ್ದು ಕೊಂಬೆಗೆ ಸಿಕ್ಕಿಸಿಟ್ಟು ಸುಮ್ಮನೆ ಕೂತರೆ ಆಯಿತು. ಮೊದಲು ಬರುವುದು ಗ್ರೀನ್ ಜೇ. ನೀಲಿ ತಲೆ, ಕಪ್ಪು ಕೊರಳು, ಹಸಿರು ಬೆನ್ನು, ಬಾಲದ ಅಂಚಿಗೆ ಹಳದಿ. ಈ ಚೆಲುವ ಕಾಗೆಯ ಕುಲದವನೆಂದರೆ ಯಾರು ನಂಬುತ್ತಾರೆ? ಹಿಂದೆಯೇ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿರುವ ಹಳದಿ ಹೊಟ್ಟೆಯ ಕಿಸ್ಕಡೀ. ನಂತರ ಕೆಂಡದ ಬಣ್ಣದ ಆಲ್ಟಮಿರ ಓರಿಯೋಲ್. ನಮ್ಮ ಗೀಜಗದಂತೆ ಇದೂ ಕೊಂಬೆಯ ತುದಿಗೆ ಚೀಲದಂಥ ಉದ್ದನೆಯ ಗೂಡು ನೇಯುತ್ತದೆ. ಅಮೆರಿಕದಲ್ಲಿ ಇವನ್ನು ನೋಡಬೇಕೆಂದರೆ ದಕ್ಷಿಣ ಟೆಕ್ಸಾಸಿಗೇ ಬರಬೇಕು. ಕಿಸ್ಕಡೀ ಒಂದು ಮಾತ್ರ ಬೇರೆಡೆ ಅಪರೂಪಕ್ಕೆ ಕಣ್ಣಿಗೆ ಬಿದ್ದೀತು.

ಇಲ್ಲೊಂದು ವಿಚಿತ್ರವಿದೆ. ಈ ಅಂಗಳದಲ್ಲಿ ವಲಸೆ ಬಂದವರು ಮನುಷ್ಯರು. ಖಾಯಂ ನಿವಾಸಿಗಳು ಹಕ್ಕಿಗಳು! ಚಳಿ ಜಾಸ್ತಿಯಾದರೆ ಮನುಷ್ಯರಿಗೆ ಗಾಲಿಗಳಿವೆ. ಈ ಹಕ್ಕಿಗಳು ಎಲ್ಲಿಗೆ ಹೋಗಬೇಕು? 2021ರ ಫೆಬ್ರವರಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಈ ಬಯಲಿಗೂ ನುಗ್ಗಿ ಕಿತ್ತಳೆ ತೋಟಗಳನ್ನು ಕಪ್ಪಾಗಿಸಿದಾಗ, ಅವು ಅದನ್ನೂ ಇಲ್ಲೇ ಎದುರಿಸಬೇಕಾಯಿತು.

ಚಳಿಗಿಂತ ದೊಡ್ಡ ಸಂಕಟ ನೆಲದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲು ಬಂತು, ಕಾಲುವೆ ಬಂತು. ಮುಳ್ಳುಕಾಡು ಕಡಿದು ಹತ್ತಿ, ಕಬ್ಬು, ಕಿತ್ತಳೆ ಬೆಳೆದರು. ಬಳಿಕ ಊರುಗಳು ಬೆಳೆದವು. ಇಲ್ಲಿನ ಮೂಲ ಕಾಡಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಹೋಯಿತೆಂದು ಹೇಳುತ್ತಾರೆ. ನದಿಯುದ್ದಕ್ಕೆ ಉಳಿದಿರುವುದು ತುಂಡು ತುಂಡು ಹಸಿರು. 1943ರಲ್ಲಿ ಸ್ಥಾಪನೆಯಾದ ಸಾಂತಾ ಆನಾ ವನ್ಯಧಾಮ ಅಂಥದೊಂದು ತುಂಡು. ವಿಸ್ತಾರ ಸುಮಾರು 2,000 ಎಕರೆ ಅಷ್ಟೇ.

ಆದರೆ ವೆಸ್ಲಾಕೋದಲ್ಲಿ ಇದಕ್ಕೆ ವಿರುದ್ಧವಾದ ಕಥೆಯೂ ಉಂಟು. ಅಲ್ಲಿನ ‘ಎಸ್ಟೆರೋ ಯಾನೋ ಗ್ರಾಂಡೆ’ ಪಕ್ಷಿಧಾಮ ಸಾರ್ವಜನಿಕರಿಗೆ ತೆರೆದದ್ದು 2006ರಲ್ಲಿ. ಅದರ ಒಂದು ಭಾಗ ಹಿಂದೆ ಗಾಲಿಮನೆಗಳ ಪಾರ್ಕ್ ಆಗಿತ್ತು. ಈಗ ವಾಹನಗಳಿಲ್ಲ. ಆ ಬಿಡಾರದವರು ನೆರಳಿಗೆ, ಹೂವಿಗೆ, ಹಣ್ಣಿಗೆಂದು ನೆಟ್ಟ ಮರಗಿಡಗಳು ಉಳಿದುಕೊಂಡಿವೆ. ಝೇಂಕಾರದ ಹಕ್ಕಿಗಳು ಅಲ್ಲಿ ಹೂವಿನಿಂದ ಹೂವಿಗೆ ಹಾರುತ್ತವೆ. ಅದೇ ಪಕ್ಷಿಧಾಮದ ಕೆರೆಯ ದಾರಿಯಲ್ಲಿ, ತರಗೆಲೆಯ ಮೇಲೆ ತರಗೆಲೆಯಂತೆಯೇ ಕೂತು ಹಗಲೆಲ್ಲ ನಿದ್ದೆ ಮಾಡುವ ‘ಪೊರಾಕೆ’ ಎಂಬ ಇರುಳುಹಕ್ಕಿಯನ್ನು ಹುಡುಕುವುದೇ ಬಂದವರಿಗೊಂದು ಆಟ. ಮೂರಡಿ ದೂರದಲ್ಲಿದ್ದರೂ ಕಾಣದೆ ಕಣ್ಣುಜ್ಜಿಕೊಳ್ಳುವವರೇ ಹೆಚ್ಚು.

ಏಪ್ರಿಲ್ ಹೊತ್ತಿಗೆ ಬಿಸಿಲು ಬಲಿಯುತ್ತದೆ. ನೀರಿನ ಕೊಳವೆ ಬಿಚ್ಚಿ, ಕುರ್ಚಿ ಮಡಚಿ, ನೆರೆಯವರಿಗೆ ‘ಮುಂದಿನ ವರ್ಷ ಸಿಗೋಣ’ ಎಂದು ಹೇಳಿ ಗಾಲಿಮನೆಗಳು ಉತ್ತರಕ್ಕೆ ಮುಖ ಮಾಡುತ್ತವೆ. ಹಕ್ಕಿಗಳಿಗೆ ಆ ಮಾತು ಹೇಳುವ ಅಗತ್ಯವಿಲ್ಲ. ಕಾಡಿನ ಆ ಕೊನೆಯ ತುಂಡುಗಳು ಉಳಿದರೆ ಅವು ಇಲ್ಲೇ ಇರುತ್ತವೆ.