ಮಾಂಡೋವಿಯ ಮೇಲೆ ಒಳಗೆ-ಹೊರಗೆ!

ಮೈಮೇಲೆ ಕೋಟು, ಕಣ್ಣಿಗೆ ಕೂಲಿಂಗ್ ಗ್ಲಾಸು, ಬೆರಳ ಸಂದಿಯಲ್ಲಿ ಸಿಗರೇಟು, ಮೇಜಿನ ಮೇಲೆ ನೋಟಿನ ಕಂತೆ... ಒಂದು ಕಡೆ ಬ್ಯಾಂಡು, ಇನ್ನೊಂದು ಕಡೆ ಜ್ಯೋತಿಲಕ್ಷ್ಮಿಯ ಕ್ಯಾಬರೆ! ಜೂಜಿನ ಕ್ಲಬ್ಬು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಇದೇ ತಾನೇ?

ನನಗೂ ಇದೇ ಬರುತ್ತಿತ್ತು. ‘ಗೋವಾದಲ್ಲಿ ಸಿ.ಐ.ಡಿ. 999’ ಬಂದದ್ದು 1968ರಲ್ಲಿ, ಮರು ವರ್ಷವೇ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು. ಆದರೂ ಟಿ.ವಿ.ಯಲ್ಲಿ ಅಣ್ಣಾವ್ರ ಬಾಂಡ್ ಗತ್ತು ನೋಡುತ್ತಾ ಬೆಳೆದವನು ನಾನು. ಗೋವಾ, ಜಾಕ್‌ಪಾಟ್ ಎಂಬ ಎರಡು ಮಾತು ಅಂದಿನಿಂದಲೇ ತಲೆಯೊಳಗೆ ಜೋಡಿ ಎತ್ತಿನ ಹಾಗೆ ನಿಂತುಬಿಟ್ಟಿದ್ದವು. ಅಂದ ಹಾಗೆ, 1953ರಲ್ಲಿ ಇಯಾನ್ ಫ್ಲೆಮಿಂಗ್ ಬರೆದ ಮೊಟ್ಟಮೊದಲ ಬಾಂಡ್ ಕಾದಂಬರಿಯ ಹೆಸರೇ ‘ಕ್ಯಾಸಿನೋ ರಾಯಲ್’. ಜೂಜಿನ ಮೇಜಿಲ್ಲದೆ ಬಾಂಡ್ ಇಲ್ಲ!

2024ರ ಡಿಸೆಂಬರ್. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತಿದ್ದಾಗ ಗೆಳೆಯ ಬಂದ. ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಮಾರಿ ಬಂದಿದ್ದ, ಜೇಬು ಬಿಸಿಯಾಗಿತ್ತು. “ಬಾರಲೇ, ಗೋವಾಕ್ಕೆ ಹೋಗಾಣ. ಒಂದು ರಾತ್ರಿ ಕ್ಯಾಸಿನೋ ನೋಡ್ಕಂಡು ಬರಾಣ. ನಿಂಗೂ ಬರಿಯಾಕೆ ಏನಾರ ಸಿಗುತ್ತೆ” ಅಂದ. ಬರೆಯುವುದು ಸಿಗುತ್ತದೆ ಅಂದರೆ ಸಾಕು, ನನ್ನಂಥ ಬಿಡಿ ಪತ್ರಕರ್ತ ನರಕಕ್ಕೂ ಟಿಕೆಟ್ ತೆಗೆಸುತ್ತಾನೆ!

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು, ಘಟ್ಟ ಇಳಿದರೆ ಪಣಜಿ. ಸಂಜೆ ನದಿಯ ದಂಡೆಯಲ್ಲಿ ನಿಂತಾಗ ಬಾಯಿ ತೆರೆದದ್ದು ಮುಚ್ಚಲಿಲ್ಲ. ನೀರಿನ ಮೇಲೆ ಸಾಲು ಹಡಗುಗಳು, ಒಂದೊಂದೂ ದಸರೆಯ ಅರಮನೆಯ ಹಾಗೆ ದೀಪ ಹೊತ್ತು ನಿಂತಿವೆ. ಆ ನದಿ ಯಾವುದು ಗೊತ್ತೇ? ಅಲ್ಲಿನವರಿಗೆ ಮಾಂಡೋವಿ. ನಮಗೆ ಮಹದಾಯಿ! ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಅದೇ ನೀರು. ನೀರಿಗಾಗಿ ಎರಡು ರಾಜ್ಯ ಟ್ರಿಬ್ಯೂನಲ್ಲು ಕೋರ್ಟು ಅಂತ ಅಲೆದಾಡಿದವು. ನಮ್ಮ ದುಡ್ಡು ಮಾತ್ರ ಯಾವ ತಂಟೆ ತಕರಾರೂ ಇಲ್ಲದೆ ಹಾಗೇ ಹರಿದು ಬಂದು ಇಲ್ಲಿ ಸೇರುತ್ತದೆ.

ನೀರಿನ ಮೇಲೇ ಯಾಕೆ? ಇದು ಕಾನೂನಿನ ಆಟ. ಗೋವಾದಲ್ಲಿ 1976ರ ಜೂಜು ಕಾಯಿದೆ ಇದೆ. 1992ರ ತಿದ್ದುಪಡಿಯಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಬಾಗಿಲು ತೆರೆದರು. 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಗಳಿಗೂ ಅವಕಾಶವಾಯಿತು. ದಡದಲ್ಲಿ ಯಂತ್ರ, ನೀರಿನಲ್ಲಿ ಇಸ್ಪೀಟು!

ಟಿಕೆಟ್ ಕೌಂಟರಿನಲ್ಲಿ ತಲೆಗೆ ಇಷ್ಟು ಸಾವಿರ ಅಂತ ಕಟ್ಟಿದೆವು. ಊಟ, ಕುಡಿತ, ಕುಣಿತ ಎಲ್ಲ ಅದರಲ್ಲೇ, ಮೇಲೆ ಸ್ವಲ್ಪ ಆಟದ ಬಿಲ್ಲೆ. ಆ ಬಿಲ್ಲೆಯನ್ನು ಆಡಿ ಕಳೆಯಬಹುದೇ ಹೊರತು ವಾಪಸು ಕೊಟ್ಟು ನೋಟು ಕೇಳುವ ಹಾಗಿಲ್ಲ. ಗೆಳೆಯನ ಹವಾಯಿ ಚಪ್ಪಲಿ ನೋಡಿ ಬಾಗಿಲವನು ತಡೆದ. ಓಡಿಹೋಗಿ ಬೂಟು ಕೊಂಡು ಬಂದದ್ದಾಯಿತು. ಸಣ್ಣ ದೋಣಿ ನಮ್ಮನ್ನು ಹಡಗಿಗೆ ಮುಟ್ಟಿಸಿತು.

ಒಳಗೆ ಹೋದರೆ ಕಿಟಕಿ ಇಲ್ಲ, ಗಡಿಯಾರ ಇಲ್ಲ! ಹಗಲೋ ರಾತ್ರಿಯೋ ತಿಳಿಯದು. ಬಫೆಯಲ್ಲಿ ಬಿರಿಯಾನಿ, ಮೀನು, ಪನೀರು, ಜಾಮೂನು... ಗೆಳೆಯ ಮೂರು ಸಲ ತಟ್ಟೆ ತುಂಬಿಸಿದ. ಸ್ಟೇಜಿನ ಮೇಲೆ ಹುಡುಗಿಯರು ಕುಣಿದರು. ಆದರೆ ಯಾರೂ ನೋಡುತ್ತಿರಲಿಲ್ಲ ಸ್ವಾಮಿ! ಎಲ್ಲರ ಕಣ್ಣೂ ಮೇಜಿನ ಮೇಲೆ. ಕೋಟಿನ ಹೀರೋ ಇಲ್ಲ, ಚುರುಟಿನ ವಿಲನ್ ಇಲ್ಲ. ಇದ್ದವರು ನಮ್ಮಂಥವರೇ. ಪಕ್ಕದ ಮೇಜಿನಲ್ಲಿ ಅಚ್ಚ ಕನ್ನಡದಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರು: “ಥೂ, ಮತ್ತೆ ಹೋತಲ್ಲೋ!”

ಗೆಳೆಯ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ಜಗ್ಗಿದ. “ಲೇ, ಇದು ನಮ್ಮ ಒಳಗೆ-ಹೊರಗೆ ಕಣಲೇ!”

ಹೌದು! ಹಬ್ಬದ ದಿನ ನಮ್ಮೂರ ತೋಟದ ಮರೆಯಲ್ಲಿ ಟವಲ್ ಹಾಸಿ ಆಡುವ ಅದೇ ಅಂದರ್-ಬಾಹರ್. ನಡುವೆ ಒಂದು ಎಲೆ ಬಿಚ್ಚುತ್ತಾರೆ. ಆಮೇಲೆ ಒಂದು ಒಳಗೆ, ಒಂದು ಹೊರಗೆ. ಜೋಡಿ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಯವನಿಗೆ ಗೆಲುವು. ಊರಲ್ಲಿ ಆಡಿದರೆ 1963ರ ಪೊಲೀಸ್ ಕಾಯಿದೆ ಪ್ರಕಾರ ಜೀಪು ಬರುತ್ತದೆ, ಟವಲು ಬಿಟ್ಟು ಓಡಬೇಕು. ಇಲ್ಲಿ ಆಡಿದರೆ ಸಲಾಮು ಹೊಡೆದು ಜ್ಯೂಸು ಕೊಡುತ್ತಾರೆ!

ಗೆಳೆಯನ ಹತ್ತಿರ 45 ಸಾವಿರ ಇತ್ತು. ಬೋರ್‌ವೆಲ್ ಮೋಟರಿಗೆ ಅಂತ ಅವರವ್ವ ಎಣಿಸಿ ತೆಗೆದಿಟ್ಟಿದ್ದ ದುಡ್ಡು. ಬೇರೆ ಖರ್ಚಿನ ಲೆಕ್ಕ ಬೇರೆ. “ಐದು ಸಾವಿರ ಅಷ್ಟೇ” ಅಂತ ಕೂತ. ಗೆದ್ದ. ಮತ್ತೆ ಗೆದ್ದ. ಹನ್ನೊಂದು ಗಂಟೆ ಹೊತ್ತಿಗೆ 11 ಸಾವಿರ ಲಾಭದಲ್ಲಿದ್ದ. ಎದ್ದು ನಿಂತು, “ಸಾಕು ನಡಿಯಲೇ, ಹೋಗಾಣ” ಅಂದ.

ಮಿತ್ರರೇ, ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅವನು ಎದ್ದಿದ್ದ. ಕೂರಿಸಿದವನು ನಾನು! “ಇನ್ನೊಂದು ಸುತ್ತು ಆಡೋ, ನನ್ನ ಲೇಖನಕ್ಕೆ ಒಂದು ಕ್ಲೈಮ್ಯಾಕ್ಸ್ ಬೇಕು” ಅಂದೆ. ನಗುತ್ತಾ ಅಂದೆ. ಅವನೂ ನಗುತ್ತಾ ಕೂತ.

ಬೆಳಗಿನ ಜಾವ ಮೂರಕ್ಕೆ ಅವನ ಕೈಯಲ್ಲಿ ಉಳಿದದ್ದು ಎರಡು ಸಾವಿರ.

ಮೋಸ ಏನಾದರೂ ಆಯಿತೇ ಅಂದರೆ, ಇಲ್ಲ. ಮೋಸದ ಅಗತ್ಯವೇ ಇಲ್ಲ, ಲೆಕ್ಕವೇ ಸಾಕು! ಊರಿಗೆ ಬಂದ ಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಅಂದರ್-ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ ಸುಮಾರು 51.5 ಸಲ ಗೆಲುವು. ಅದಕ್ಕೇ ಆ ಕಡೆ ಗೆದ್ದರೆ ನೂರಕ್ಕೆ ತೊಂಬತ್ತೇ ಕೊಡುವುದು ವಾಡಿಕೆ. ಇನ್ನೊಂದು ಕಡೆ ನೂರಕ್ಕೆ ನೂರು, ಆದರೆ ಗೆಲುವು 48.5 ಸಲ. ಯಾವ ಕಡೆ ಕೂತರೂ ನೂರಕ್ಕೆ ಎರಡು ಮೂರು ರೂಪಾಯಿ ಮೇಜಿನವನಿಗೆ. ತಿರುಗುವ ಚಕ್ರದ ರೂಲೆಟ್ಟೂ ಇಷ್ಟೇ. 37 ಮನೆ, ಒಂದರ ಮೇಲೆ ನೂರು ಇಟ್ಟು ಗೆದ್ದರೆ ಮೇಲೆ ಸಿಗುವುದು 3,500. ನ್ಯಾಯವಾಗಿ 3,600 ಬರಬೇಕು. ಆ ನೂರು ಎಲ್ಲಿ ಹೋಯಿತು? ಹಡಗಿನ ಡೀಸೆಲ್ಲಿಗೆ, ನಾವು ಪುಕ್ಕಟೆ ಅಂದುಕೊಂಡು ತಿಂದ ಬಿರಿಯಾನಿಗೆ! ಒಂದು ಸುತ್ತಿಗೆ ಎರಡು ರೂಪಾಯಿ ಏನೂ ಅಲ್ಲ. ಆದರೆ ರಾತ್ರಿಯಿಡೀ ಸುತ್ತು ಎಷ್ಟು? ಇದಕ್ಕೇ ಅಲ್ಲಿ ಗಡಿಯಾರ ಇಲ್ಲದ್ದು. ಸಾಲದ್ದಕ್ಕೆ 2023ರ ಅಕ್ಟೋಬರ್ 1ರಿಂದ ಶೇಕಡಾ 28 ಜಿ.ಎಸ್.ಟಿ., 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40.

ಇನ್ನೊಂದು ತಮಾಷೆ ಕೇಳಿ. 2020ರ ಫೆಬ್ರವರಿ 1ರಿಂದ ಗೋವಾದ ಜನ ತಮ್ಮ ಊರಿನ ಕ್ಯಾಸಿನೋದಲ್ಲಿ ಆಡುವ ಹಾಗಿಲ್ಲ ಅಂತ ಅಲ್ಲಿನ ಸರ್ಕಾರವೇ ತಡೆ ಹಾಕಿತು. ತನ್ನ ಮಕ್ಕಳಿಗೆ ಬೇಡವೆಂದ ಊಟವನ್ನು ನೆಂಟರಿಗೆ ಬಡಿಸುವುದೆಂದರೆ ಇದೇ ಅಲ್ಲವೇ?

ವಾಪಸು ಬರುವಾಗ ಹುಬ್ಬಳ್ಳಿಯವರೆಗೆ ಅವನು ಮಾತಾಡಲಿಲ್ಲ. ಊರು ಹತ್ತಿರವಾದಾಗ ಒಂದೇ ಮಾತು: “ಯಾರಿಗೂ ಹೇಳಬ್ಯಾಡ.” ನಾನು ಹೂಂ ಅಂದೆ.

ಟೀ ಅಂಗಡಿಯಲ್ಲಿ ಹುಡುಗರು ಮುತ್ತಿಕೊಂಡರು. “ಹೆಂಗಿತ್ತಲೇ?” ಗೆಳೆಯ ಕಾಲರ್ ಎತ್ತಿ, “ಮಸ್ತ್! ಹನ್ನೊಂದು ಸಾವಿರ ಹೊಡೆದೆ” ಅಂದ. ಸುಳ್ಳೇನಲ್ಲ, ಹನ್ನೊಂದು ಗಂಟೆಯವರೆಗೆ ನಿಜವೇ! ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಮುಂದಿನ ತಿಂಗಳು ಅವರಲ್ಲಿ ಮೂವರು ಹೋದರು. ಒಬ್ಬ ಬೈಕು ಅಡ ಇಟ್ಟು ಹೋಗಿದ್ದ. ಬಂದ ಮೇಲೆ ಅವರೂ ಕಾಲರ್ ಎತ್ತಿ, “ಮಸ್ತ್” ಅಂದರು. ಬೈಕು ಮಾತ್ರ ಇನ್ನೂ ಬಂದಿಲ್ಲ.

‘ನಾಗರಹಾವು’ ನೋಡಿದವರಿಗೆಲ್ಲ ದುರ್ಗದ ಓಬವ್ವನ ಕಿಂಡಿ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರ, ಒನಕೆ ಹಿಡಿದು ನಿಂತ ಜಯಂತಿಯವರನ್ನು ಮರೆಯಲಾದೀತೇ? ವೈರಿಗಳು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ತೂರಿದರು, ಒಬ್ಬೊಬ್ಬರ ತಲೆಯ ಮೇಲೂ ಒನಕೆ ಬಿತ್ತು. ಹೊರಗೆ ಸಾಲಿನಲ್ಲಿದ್ದವನಿಗೆ ಒಳಗೆ ಏನಾಯಿತೆಂದು ತಿಳಿಯಲೇ ಇಲ್ಲ. ಆ ಸೈನಿಕರು ಸತ್ತಿದ್ದರು, ಹೇಳುವ ಹಾಗಿರಲಿಲ್ಲ. ನಾವು ಬದುಕಿ ಬಂದೂ ಹೇಳಲಿಲ್ಲ!

2025ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಶಾಸಕರೊಬ್ಬರನ್ನು ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಜಾರಿ ನಿರ್ದೇಶನಾಲಯ ಬಂಧಿಸಿದ ಸುದ್ದಿ ಬಂತು. ಗೋವಾದ ಕ್ಯಾಸಿನೋಗಳ ಹೆಸರೂ ಅದರಲ್ಲಿತ್ತು. ಆರೋಪದ ನಿಜ ಸುಳ್ಳು ಕೋರ್ಟಿಗೆ ಬಿಟ್ಟದ್ದು. ಟೀ ಅಂಗಡಿಯಲ್ಲಿ ಮಾತ್ರ ಮೂರು ದಿನ ಅದೇ ಮಾತು. ಎಲ್ಲರೂ ದೊಡ್ಡವರ ಲೆಕ್ಕ ಹಾಕಿದರು. ತನ್ನ ಲೆಕ್ಕ ಹೇಳಿದವನು ಒಬ್ಬನೂ ಇಲ್ಲ. ಅವತ್ತೇ ಗೆಳೆಯನ ಮನೆಗೆ ಹೋಗಿ, “ಬರೀತೀನಿ ಕಣೋ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಬರಿ. ನನ್ನ ಹೆಸರು ಬ್ಯಾಡ. ಕೂರಿಸಿದ್ದು ನೀನು ಅನ್ನೋದನ್ನ ಮಾತ್ರ ಬಿಡಬ್ಯಾಡ” ಅಂದ.

ಬಿಟ್ಟಿಲ್ಲ. ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ತಮ್ಮಂದಿರೇ, ಹೋಗಿ ಬಂದವನು ಕಾಲರ್ ಎತ್ತಿದರೆ ಗೆದ್ದದ್ದೆಷ್ಟು ಅಂತ ಕೇಳಬೇಡಿ. ಹಡಗಿನಿಂದ ಇಳಿಯುವಾಗ ಜೇಬಿನಲ್ಲಿ ಎಷ್ಟಿತ್ತು ಅಂತ ಕೇಳಿ. ಈ ಲೇಖನದ ಸಂಭಾವನೆ ಗೆಳೆಯನ ಮೋಟರಿನ ಲೆಕ್ಕಕ್ಕೆ ಜಮಾ. ಮಿಕ್ಕ ಬಾಕಿ ದೊಡ್ಡದೇ ಇದೆ, ತೀರಿಸುತ್ತೇನೆ.