ನೆನಪಿಲ್ಲ ಎನ್ನುವುದೂ ಒಂದು ಉತ್ತರ

ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ ಆ ಹುಡುಗಿ ರಾತ್ರಿಯಿಡೀ ಉರು ಹೊಡೆಯುತ್ತಿದ್ದಳು. ಎಂ.ಎ. ಪರೀಕ್ಷೆ ಮುಗಿದು ವಾರ ಕಳೆದಿತ್ತು. ಆದರೂ ನೋಟ್‌ಬುಕ್ಕಿನ ತುಂಬ ಪ್ರಶ್ನೆ, ಉತ್ತರ, ತಾರೀಖು. ಅವಳು ಬಾಯಿಪಾಠ ಮಾಡುತ್ತಿದ್ದುದು ತನ್ನದೇ ಬದುಕನ್ನು.

ಅವಳ ಊರು ಆಫ್ಘಾನಿಸ್ತಾನದ ಹೆರಾತ್. 2019ರಲ್ಲಿ ವಿದ್ಯಾರ್ಥಿವೇತನ ಪಡೆದು ಇಲ್ಲಿಗೆ ಓದಲು ಬಂದಾಗ ಯಾರ ಹೆದರಿಕೆಯೂ ಇರಲಿಲ್ಲ. ಓದು ಮುಗಿಸಿ ಊರಿನ ಕಾಲೇಜಿನಲ್ಲೇ ಪಾಠ ಹೇಳಬೇಕೆಂಬ ಆಸೆ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. 2022ರ ಡಿಸೆಂಬರ್‌ನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಊರು ಬಿಡುವಾಗ ನಿರಾಶ್ರಿತರಲ್ಲದವರು ಪರದೇಶದಲ್ಲಿರುವಾಗಲೇ ನಿರಾಶ್ರಿತರಾಗಬಹುದು ಎಂಬುದನ್ನು ಅಂತರರಾಷ್ಟ್ರೀಯ ಕಾನೂನೂ ಒಪ್ಪುತ್ತದೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬೈಲುಕುಪ್ಪೆಯ ಟಿಬೆಟನ್ನರ ವಿಷಯವನ್ನು ಸರ್ಕಾರವೇ ನೋಡಿಕೊಂಡಿತು. ಆಶ್ರಯ ಕೋರುವ ಆಫ್ಘನ್ನರು ಮಾತ್ರ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ ಹೋಗಬೇಕು. ಮೊದಲು ಹೆಸರು ನೋಂದಣಿ. ಆಮೇಲೆ ಸಂದರ್ಶನದ ಕರೆ. ಅವಳಿಗೆ ಆ ಕರೆ ಬಂದದ್ದು 2024ರಲ್ಲಿ.

ದೆಹಲಿಯ ಪರಿಚಯಸ್ಥನೊಬ್ಬ ಫೋನಿನಲ್ಲಿ ಬುದ್ಧಿ ಹೇಳಿದ್ದ: "ಓದು ನಿಂತಿತು ಅಂದರೆ ಯಾರೂ ಕೇಳುವುದಿಲ್ಲ. ಬೆದರಿಕೆ ಪತ್ರ ಬಂದಿತ್ತು ಅನ್ನು. ಪತ್ರ ನಾನು ಬರೆಸಿಕೊಡುತ್ತೇನೆ." ನೋಟ್‌ಬುಕ್ಕಿನಲ್ಲಿ ಆ ಪತ್ರಕ್ಕೂ ಒಂದು ತಾರೀಖು ಸೇರಿಕೊಂಡಿತ್ತು.

ಅದೇ ವಾರ ರೂಮ್‌ಮೇಟ್‌ನ ತಂದೆ ಮಂಡ್ಯದಿಂದ ಚಕ್ಕುಲಿ ಡಬ್ಬಿಯೊಂದಿಗೆ ಬಂದರು. ನಿವೃತ್ತ ಹೆಡ್‌ಮಾಸ್ಟರು. ಮಗಳ ಹಾಗೆಯೇ ಇವಳೂ ಅವರನ್ನು ಅಪ್ಪಾಜಿ ಎನ್ನುತ್ತಿದ್ದಳು. ಅವಳು ಎಲ್ಲವನ್ನೂ ತನ್ನ ಮುರುಕು ಕನ್ನಡದಲ್ಲಿ ಹೇಳಿಕೊಂಡಳು. ಅವರು ಪತ್ರ ಬಂದ ದಿನ ಯಾವುದು ಎಂದು ಕೇಳಿದರು. ಮಾತು ಎಲ್ಲೆಲ್ಲೋ ಸುತ್ತಿದ ಮೇಲೆ ಅದನ್ನೇ ಇನ್ನೊಂದು ರೀತಿಯಲ್ಲಿ ಕೇಳಿದರು. ಎರಡನೇ ಸಲ ತಾರೀಖು ತಪ್ಪಿತು. ಅವಳು ತಲೆ ತಗ್ಗಿಸಿದಳು.

"ಮೂವತ್ತು ವರ್ಷ ಪೇಪರ್ ತಿದ್ದಿವ್ನಿ ಕಣವ್ವ. ಗೈಡ್ ನೋಡಿ ಬರೆದದ್ದು ಎರಡನೇ ಸಾಲ್ಗೇ ಗೊತ್ತಾಯ್ತದೆ. ಒಂದು ಸುಳ್ಳು ಸಿಕ್ಕಿಬಿದ್ರೆ ನಿನ್ನ ನಿಜಾನೂ ಯಾರೂ ನಂಬಾಕಿಲ್ಲ. ಆ ಹಾಳೆ ಹರಿದಾಕು. ಆದದ್ದು ಹೇಳು, ನೆನಪಿಲ್ದೆ ಇದ್ರೆ ನೆನಪಿಲ್ಲ ಅನ್ನು."

ಹಾಳೆ ಹರಿಯಿತು. ಹೆದರಿಕೆ ಹರಿಯಲಿಲ್ಲ. ಅದನ್ನು ಕಟ್ಟಿಕೊಂಡೇ ಅವಳು ದೆಹಲಿಯ ರೈಲು ಹತ್ತಿದಳು.

ಸಂದರ್ಶನದ ಕೋಣೆಯಲ್ಲಿದ್ದವರು ಮೂವರೇ: ಅಧಿಕಾರಿ, ದುಭಾಷಿ, ಅವಳು. ಕೋರಿದ್ದರಿಂದ ಮಹಿಳಾ ಅಧಿಕಾರಿಯೇ ಬಂದಿದ್ದರು. ಪ್ರಶ್ನೆಗೆ ಮುನ್ನ ಅವರು ಕೆಲವು ಮಾತು ಹೇಳಿದರು. ಇಲ್ಲಿ ಆಡಿದ್ದು ಅವಳ ದೇಶದ ಸರ್ಕಾರಕ್ಕೆ ತಲುಪುವುದಿಲ್ಲ. ಯಾವ ಹಂತದಲ್ಲೂ ಯಾರಿಗೂ ಹಣ ಕೊಡಬೇಕಾಗಿಲ್ಲ. ಪ್ರಶ್ನೆ ತಿಳಿಯದಿದ್ದರೆ ಮತ್ತೆ ಕೇಳಬಹುದು, ಸುಸ್ತಾದರೆ ವಿರಾಮ ಕೇಳಬಹುದು. ದುಭಾಷಿಯ ದರಿ ಭಾಷೆ ಅರ್ಥವಾಗದಿದ್ದರೆ ಆಗಲೇ ಹೇಳಬೇಕು. ದುಭಾಷಿ ಮಾತು ದಾಟಿಸುವವರು ಮಾತ್ರ; ತೀರ್ಮಾನದಲ್ಲಿ ಅವರ ಪಾತ್ರವಿಲ್ಲ.

ಮೊದಲಿಗೆ ತಂದೆ, ತಾಯಿ, ಶಾಲೆ, ಬೀದಿಯ ಹೆಸರು. ಆಮೇಲೆ, ಹಿಂದಿನ ಸರ್ಕಾರದ ನ್ಯಾಯಾಲಯದಲ್ಲಿ ಕೆಲಸಕ್ಕಿದ್ದ ತಂದೆಯ ವಿಷಯ. ಮನೆಗೆ ಜನ ಬಂದು ವಿಚಾರಿಸಿದ್ದು ಯಾವ ದಿನ? ಅವಳ ಊರಿನ ಪಂಚಾಂಗವೇ ಬೇರೆ. 2021ರ ಆಗಸ್ಟ್ ಅಲ್ಲಿ 1400ನೇ ವರ್ಷದ ಅಸದ್ ತಿಂಗಳು. "ತಾರೀಖು ನೆನಪಿಲ್ಲ. ಅಸದ್ ತಿಂಗಳ ಕೊನೆ. ಅಮ್ಮ ಫೋನಿನಲ್ಲಿ ಪಿಸುಗುಟ್ಟಿ ಹೇಳಿದಳು." ಅಧಿಕಾರಿ ಅದನ್ನೂ ಬರೆದುಕೊಂಡರು. ಗದರಲಿಲ್ಲ.

ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಮತ್ತೆ ಬಂತು. ನಂಬುತ್ತಿಲ್ಲವೇನೋ ಎಂದು ಎದೆ ಹಾರಿತು. ಹೆಡ್‌ಮಾಸ್ಟರು ನೆನಪಾಗಿ ಸುಧಾರಿಸಿಕೊಂಡಳು. ಗೊಂದಲವಿದ್ದರೆ ಬಿಡಿಸಿಕೊಳ್ಳಲು ಹಾಗೆ ಕೇಳುತ್ತಾರೆ. ಸತ್ಯಾಂಶ ಹುಡುಕುವ ಹೊಣೆ ಅರ್ಜಿದಾರರದು ಮಾತ್ರವಲ್ಲ, ಪರಿಶೀಲಿಸುವವರದೂ ಹೌದು ಎಂದು ಈ ಸಂಸ್ಥೆ 1979ರಲ್ಲಿ ಹೊರತಂದ ಕೈಪಿಡಿಯೇ ಹೇಳುತ್ತದೆ.

"ನಿಮಗೆ ನೇರವಾಗಿ ಯಾರಾದರೂ ಬೆದರಿಕೆ ಹಾಕಿದ್ದರೇ?"

ಗಂಟಲು ಒಣಗಿತು. ಹರಿದು ಹಾಕಿದ ಹಾಳೆ ಕಣ್ಣೆದುರು ಬಂತು. "ಇಲ್ಲ" ಎಂದಳು.

"ಹಾಗಾದರೆ ವಾಪಸು ಹೋದರೆ ಏನಾಗುತ್ತದೆಂದು ಭಯ?"

ಇಡೀ ಸಂದರ್ಶನದ ಹುರುಳು ಈ ಪ್ರಶ್ನೆಯಲ್ಲಿತ್ತು. ಬಡತನವೋ ಕೆಲಸವಿಲ್ಲದಿರುವುದೋ ಇದಕ್ಕೆ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ — ಈ ಐದರಲ್ಲಿ ಯಾವುದಾದರೊಂದರ ದೆಸೆಯಿಂದ ಹಿಂಸೆಗೆ ಗುರಿಯಾಗುವ ಭಯವಿರಬೇಕು. ಆ ಭಯಕ್ಕೆ ಆಧಾರವೂ ಇರಬೇಕು. ಇದು 1951ರ ಒಪ್ಪಂದದ ಅಳತೆಗೋಲು.

ಅವಳು ಬಹಳ ಹೊತ್ತು ಮಾತನಾಡಿದಳು. ಮನೆಗೆ ಬಂದವರು ಇಂಡಿಯಾದಲ್ಲಿರುವ ಮಗಳ ಬಗ್ಗೆಯೂ ಕೇಳಿದ್ದು. ಹೆಣ್ಣುಮಕ್ಕಳ ಶಾಲೆ ಮುಚ್ಚಿದ್ದನ್ನು ವಿರೋಧಿಸಿ ಅವಳು ಹೆಸರು ಹಾಕಿ ಬರೆದ ಲೇಖನ. ಆರನೇ ತರಗತಿಗೇ ಶಾಲೆ ಬಿಡಬೇಕಾಗಿ ಬಂದ ತಂಗಿ. ತಂಗಿಯ ಹೆಸರು ಬಂದಾಗ ಅತ್ತುಬಿಟ್ಟಳು. ನೀರು ಬಂತು, ಹತ್ತು ನಿಮಿಷ ವಿರಾಮವೂ ಸಿಕ್ಕಿತು. ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಲೇಖನದ ಪ್ರತಿ ಕೊಟ್ಟಳು.

ಫಲಿತಾಂಶ ಆ ದಿನವೇ ತಿಳಿಯುವುದಿಲ್ಲ. ತಿಂಗಳುಗಳೇ ಕಾಯಬೇಕಾಗಬಹುದು. ತಿರಸ್ಕಾರವಾದರೆ ಮೇಲ್ಮನವಿಗೆ ಅವಕಾಶವಿದೆ.

ಸಂಜೆ ಮಂಡ್ಯದಿಂದ ಫೋನ್ ಬಂತು. "ಹೆಂಗಾಯ್ತವ್ವ?"

"ಗೊತ್ತಿಲ್ಲ ಅಪ್ಪಾಜಿ. ಎರಡು ಸಲ ನೆನಪಿಲ್ಲ ಅಂದೆ. ಪತ್ರ ಬಂದಿಲ್ಲ ಅಂತಾನೂ ಹೇಳಿದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಒಳ್ಳೇದಾಯ್ತು ಬುಡು. ಮಿಕ್ಕಿದ್ದು ಅವರು ನೋಡ್ಕತಾರೆ. ಊಟ ಮಾಡಿದ್ಯಾ?"