ದೀಪ ದೊಡ್ಡದು ಮಾಡುವ ಮಾತು

ದೇವರ ಮುಂದಿನ ದೀಪ ನಂದಿಸಬೇಕಾದಾಗ ಹಳೆಯ ಹೆಂಗಸರು ‘ಆರಿಸು’ ಎನ್ನುವುದಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಆರುವುದು ಸಾವಿನ ಮನೆಗೆ ಸೇರಿದ ಮಾತು, ಅದನ್ನು ಬಾಯಲ್ಲಿ ತರಬಾರದು. ಇಂಥ ಭಾಷೆಯಾಡುವ ಊರಿನಲ್ಲಿ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬೀದಿ ದೀಪ ಆರಿಸಿಡೋಣ ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಿದವನಿಗೆ ಚಪ್ಪಾಳೆ ಸಿಗುವುದಿಲ್ಲ. ಸಿಗದಿರುವುದು ನ್ಯಾಯವೇ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಪೇಟೆಯಲ್ಲಿ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಆ ಬೆಳಕು ಬಂದು ತಲುಪಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಬಂದ ಮೇಲೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ, ಲೈನ್‌ಮನ್ ಬಂದು ಕಂಬ ಹತ್ತುವವರೆಗೆ ಊರಿಗೆ ಊರೇ ಕಪ್ಪು. ಹಾಗಾಗಿ ಕತ್ತಲೆ ನಮಗೆ ಹೊಸದಲ್ಲ. ನಾವೇ ಕೂತು ಮಾತಾಡಿ, ಇಷ್ಟು ಹೊತ್ತು ಕತ್ತಲೆ ಇರಲಿ ಎಂದು ತೀರ್ಮಾನಿಸುವುದು ಮಾತ್ರ ಹೊಸದು. ಲೋಡ್ ಶೆಡ್ಡಿಂಗ್ ನಮ್ಮ ಮೇಲೆ ಬೇರೆಯವರು ಹೇರಿದ ಕತ್ತಲೆ, ಅದರಲ್ಲಿ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ನಾನು ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ. ಕೊನೆಯ ಬಸ್ಸು ಹೋಗಿ, ಗೂಡಂಗಡಿಯ ಬಾಗಿಲು ಬಿದ್ದು, ನಾಯಿಗಳೂ ಸುಮ್ಮನಾದ ಸಣ್ಣ ಊರಿನಲ್ಲಿ ಖಾಲಿ ರಸ್ತೆಗೆ ಬೆಳಕು ಸುರಿಯಬೇಕಾಗಿಲ್ಲ ಎನ್ನುವುದು ನನ್ನ ವಾದ. ಆದರೆ ಸ್ವಿಚ್ಚು ಮಾತ್ರ ಊರಿನವರ ಕೈಯಲ್ಲೇ ಇರಬೇಕು.

ಇಂಥ ಮಾತು ಬಂದಾಗೆಲ್ಲ ಮೊದಲು ಹೊರಬೀಳುವುದು ಕರೆಂಟ್ ಬಿಲ್ಲು. ಪಂಚಾಯಿತಿಗಳು ವಿದ್ಯುತ್ ಕಂಪನಿಗಳಿಗೆ ಬಾಕಿ ಉಳಿಸಿಕೊಂಡಿರುವುದು ಗುಟ್ಟೇನಲ್ಲ. ಆದರೆ ಹಣದ ವಾದ ನೋಡಲು ಕಾಣುವಷ್ಟು ಗಟ್ಟಿಯಲ್ಲ. ಊರಿನಲ್ಲಿ ಇಪ್ಪತ್ತು ವ್ಯಾಟಿನ ನೂರು ಎಲ್‌ಇಡಿ ದೀಪಗಳಿವೆ ಎನ್ನೋಣ. ಆರು ಗಂಟೆ ಆರಿಸಿದರೆ ರಾತ್ರಿಗೆ ಉಳಿಯುವುದು 12 ಯೂನಿಟ್, ವರ್ಷಕ್ಕೆ 4,380. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಮೂವತ್ತು ಸಾವಿರದ ಆಸುಪಾಸು. ಊರ ಜಾತ್ರೆಯ ಶಾಮಿಯಾನಕ್ಕೇ ಅಷ್ಟಾಗುತ್ತದೆ. ಇಂಗ್ಲೆಂಡಿನ ಕೌಂಟಿಗಳು ಮಧ್ಯರಾತ್ರಿಯ ನಂತರ ದೀಪ ಆರಿಸತೊಡಗಿದ್ದು ಹೆಚ್ಚು ವಿದ್ಯುತ್ ನುಂಗುವ ಸೋಡಿಯಂ ದೀಪಗಳ ಕಾಲದಲ್ಲಿ, ಆಗ ಅದು ದೊಡ್ಡ ಉಳಿತಾಯವೇ. ನಮ್ಮಲ್ಲಿ ಉಳಿತಾಯವೇ ಗುರಿಯಾದರೆ ಇನ್ನೂ ಸುಲಭದ ಕೆಲಸವೊಂದಿದೆ. ಸ್ವಿಚ್ಚೇ ಇಲ್ಲದೆ ನೇರ ತಂತಿಗೆ ಜೋಡಿಸಿದ್ದರಿಂದ ಮಟಮಟ ಮಧ್ಯಾಹ್ನವೂ ಉರಿಯುವ ದೀಪಗಳನ್ನು ಮೊದಲು ಆರಿಸಬಹುದು. ಹಗಲಿನ ಹನ್ನೆರಡು ಗಂಟೆಯ ಆ ಪೋಲು, ನಾನು ಹೇಳುತ್ತಿರುವ ಆರು ಗಂಟೆಯ ಎರಡರಷ್ಟು. ಹಣದ ಲೆಕ್ಕವನ್ನು ಇಲ್ಲಿಗೇ ಬಿಡುತ್ತೇನೆ.

ಬೆಳಕು ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಬಿದ್ದಿರುವ ವಸ್ತು ಎಂದು ನಾವು ತಿಳಿದಿದ್ದೇವಲ್ಲ, ನನ್ನ ತಕರಾರಿರುವುದು ಆ ತಿಳಿವಳಿಕೆಯ ಮೇಲೆ. ಹಾಗಲ್ಲ ಎಂದು ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಬೆಳೆಗಾರರನ್ನು ಕೇಳಿದರೆ ಗೊತ್ತಾಗುತ್ತದೆ. ಅವರು ಹೊಲದ ತುಂಬ ಬಲ್ಬು ಕಟ್ಟಿ ರಾತ್ರಿ ಉರಿಸುವುದು ಅಲಂಕಾರಕ್ಕಲ್ಲ. ಸೇವಂತಿಗೆ ಮೊಗ್ಗೊಡೆಯಲು ಉದ್ದನೆಯ ರಾತ್ರಿ ಬೇಕು. ರಾತ್ರಿಯನ್ನು ಬೆಳಕಿನಿಂದ ತುಂಡರಿಸಿದರೆ ಗಿಡ ಹೂವನ್ನು ಮುಂದೂಡಿ ಕಾಂಡ ಬೆಳೆಸುತ್ತದೆ. ಆಮೇಲೆ ಮಾರುಕಟ್ಟೆಯ ದಿನ ನೋಡಿಕೊಂಡು ಬಲ್ಬು ತೆಗೆದರಾಯಿತು. ಮಳೆಗಾಲದ ಹಳೆಯ ಭತ್ತದ ತಳಿಗಳಲ್ಲೂ ಹಲವು ಇದೇ ಸ್ವಭಾವದವು, ಹೊಡೆ ಬರುವ ಕಾಲವನ್ನು ರಾತ್ರಿಯ ಉದ್ದದಿಂದ ಅಳೆಯುವಂಥವು. ರೈತ ಬೇಕೆಂದು ಮಾಡುವುದನ್ನು ಗದ್ದೆಯಂಚಿನ ಲೈಟ್ ಕಂಬ ಯಾರೂ ಕೇಳದೆ ಮಾಡುತ್ತದೆ. ಇನ್ನು ಹಿತ್ತಿಲು. ಸೋರೆ, ಪಡುವಲಗಳ ಬಿಳಿ ಹೂ ಅರಳುವುದು ಸೂರ್ಯ ಮುಳುಗುವ ಹೊತ್ತಿಗೆ, ಅವುಗಳ ನೆಂಟರು ಕತ್ತಲಲ್ಲಿ ಹಾರುವ ಪತಂಗಗಳು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ದೀಪ ನೆಟ್ಟು ನೋಡಿದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬೆಳಕು ಬಿದ್ದ ಕಡೆ ಹೂಗಳಿಗೆ ರಾತ್ರಿ ಬರುವ ಕೀಟಗಳ ಭೇಟಿ ಶೇ. 62ರಷ್ಟು ಕಡಿಮೆಯಾಗಿತ್ತು. ಅವರು ಪರೀಕ್ಷಿಸಿದ ಒಂದು ಗಿಡದಲ್ಲಂತೂ ಹಗಲಿನ ಜೇನು, ದುಂಬಿಗಳು ಎಂದಿನಂತೆ ಬಂದರೂ ಕಾಯಿ ಕಚ್ಚುವುದು ಶೇ. 13ರಷ್ಟು ಇಳಿದಿತ್ತು. ರಾತ್ರಿ ಪಾಳಿಯವರ ಕೆಲಸವನ್ನು ಹಗಲು ಪಾಳಿಯವರು ತುಂಬಿಕೊಡಲಿಲ್ಲ. ದಕ್ಷಿಣ ಇಂಗ್ಲೆಂಡಿನ ರಸ್ತೆಬದಿಯ ಬೇಲಿಗಳಲ್ಲಿ ಕಂಬಳಿಹುಳು ಎಣಿಸಿದವರಿಗೆ ದೀಪವಿದ್ದಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧದಷ್ಟೇ. ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ಎಲ್‌ಇಡಿಯ ಕೆಳಗೆ ಪೆಟ್ಟು ಇನ್ನೂ ಜೋರಾಗಿತ್ತು. ನಮ್ಮ ಟೆಂಡರುಗಳಲ್ಲಿ ಗೆಲ್ಲುವುದು ಆ ಬಿಳಿಯೇ, ಕಣ್ಣು ಕುಕ್ಕಿದಷ್ಟೂ ಒಳ್ಳೆಯ ದೀಪ ಎಂಬ ನಂಬಿಕೆ ನಮ್ಮದು. ಮುಂಗಾರಿಗೆ ಮುಂಚಿನ ವಾರಗಳಲ್ಲಿ ಘಟ್ಟದ ಮರಗಳಲ್ಲಿ ಮಿಣುಕುವ ಮಿಂಚುಹುಳುಗಳ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬೆಳಕಿನಲ್ಲೇ ಮಾತಾಡುವ ಪ್ರಾಣಿಯ ಪಕ್ಕ ಕಂಬ ನಿಲ್ಲಿಸುವುದೂ, ಹರಿಕಥೆ ನಡೆಯುವಾಗ ಪಕ್ಕದಲ್ಲಿ ಡಿಜೆ ಹಾಕುವುದೂ ಒಂದೇ.

ಹುಳಹುಪ್ಪಟೆಗಾಗಿ ಕಳ್ಳರಿಗೆ ದಾರಿ ಬಿಡಬೇಕೇ ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಇದಕ್ಕೆ ಊಹೆಯ ಉತ್ತರ ಸಾಲದು. ಇಂಗ್ಲೆಂಡ್ ಮತ್ತು ವೇಲ್ಸಿನ 62 ಸ್ಥಳೀಯ ಆಡಳಿತಗಳ ಅಂಕಿಅಂಶ ಜಾಲಾಡಿ ಲಂಡನ್ನಿನ ಸಂಶೋಧಕರು 2015ರಲ್ಲಿ ಹೊರತಂದ ಅಧ್ಯಯನವೊಂದಿದೆ. ದೀಪ ಪೂರ್ತಿ ಆರಿಸಿದಲ್ಲಿ, ಅರ್ಧ ರಾತ್ರಿ ಆರಿಸಿದಲ್ಲಿ, ಮಂದ ಮಾಡಿದಲ್ಲಿ ಅಪರಾಧವಾಗಲಿ ರಸ್ತೆ ಅಪಘಾತವಾಗಲಿ ಹೆಚ್ಚಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಇದೊಂದನ್ನೇ ಹಿಡಿದು ಕುಣಿಯುವುದು ಪ್ರಾಮಾಣಿಕತೆಯಲ್ಲ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಚೀಟಿ ಎತ್ತಿದ ಹಾಗೆ ಸ್ಥಳ ಆಯ್ದು ದೊಡ್ಡ ದೀಪಗೋಪುರ ನಿಲ್ಲಿಸಿದಾಗ ರಾತ್ರಿಯ ಬಯಲು ಅಪರಾಧ ಗಣನೀಯವಾಗಿ ಇಳಿಯಿತು ಎಂಬ ಅಧ್ಯಯನವೂ ಇದೆ. ಎರಡೂ ನಿಜವಿರಬಹುದು. ಮಧ್ಯರಾತ್ರಿಯಲ್ಲೂ ಸಾವಿರ ಜನ ಹತ್ತಿಳಿಯುವ ಜಾಗದಲ್ಲಿ ಬೆಳಕಿಗೆ ಕಣ್ಣುಗಳ ಬೆಂಬಲವಿದೆ, ಯಾರೋ ನೋಡುತ್ತಿರುತ್ತಾರೆ. ಎಲ್ಲರೂ ಮಲಗಿದ ಊರಿನಲ್ಲಿ ನೋಡುವ ಕಣ್ಣೇ ಇಲ್ಲ, ಇರುವುದು ಬೆಳಕು ಮಾತ್ರ. ಒಣಗಲು ಹಾಕಿದ ಅಡಿಕೆ ಕದಿಯಲು ಬಂದವನಿಗೂ ಅಂಗಳ ಕಾಣಬೇಕಲ್ಲ? ದೀಪವಿದ್ದರೆ ಅವನು ಟಾರ್ಚು ತರುವ ಕಷ್ಟ ತಪ್ಪಿತು. ಕತ್ತಲಲ್ಲಿ ಅವನೇ ಟಾರ್ಚು ಬಿಡಬೇಕು, ಬಿಟ್ಟರೆ ನಾಲ್ಕು ಮನೆಯ ಕಿಟಕಿಗೆ ಅದು ಕಾಣುತ್ತದೆ. ಕಳ್ಳತನವೇ ನಿಲ್ಲುತ್ತದೆ ಎಂದಲ್ಲ, ಉರಿಯುವ ಕಂಬವನ್ನು ಕಾವಲುಗಾರನೆಂದು ಎಣಿಸಬಾರದು ಎಂದಷ್ಟೇ.

ಆದರೆ ಅಂಕಿಅಂಶಕ್ಕೆ ಸಿಗದ ಒಂದು ಆಕ್ಷೇಪವಿದೆ, ಎಲ್ಲಕ್ಕಿಂತ ಭಾರವಾದದ್ದು ಅದೇ. ಹೆದರಿ ಮನೆಯಿಂದ ಹೊರಬೀಳದ ಹೆಂಗಸು ಯಾವ ಅಪರಾಧದ ಪಟ್ಟಿಯಲ್ಲೂ ಬರುವುದಿಲ್ಲ. ಅವಳಿಗೆ ಏನೂ ಆಗಲಿಲ್ಲವಲ್ಲ ಎಂದು ಲೆಕ್ಕ ಹೇಳುತ್ತದೆ. ಅವಳು ಹೊರಗೇ ಬರಲಿಲ್ಲ ಎನ್ನುವುದನ್ನು ಹೇಳುವುದಿಲ್ಲ. ಪೇಟೆಯ ಗಾರ್ಮೆಂಟ್ಸ್‌ನಿಂದ, ನರ್ಸಿಂಗ್ ಡ್ಯೂಟಿಯಿಂದ ತಡವಾಗಿ ಬರುವವಳು, ಹೆರಿಗೆ ನೋವಿನ ಸೊಸೆಯನ್ನು ಕರೆದುಕೊಂಡು ಆ್ಯಂಬುಲೆನ್ಸ್ ಕಾಯುವ ಅತ್ತೆ, ಶೌಚಾಲಯ ಮನೆಯಿಂದ ಹೊರಗಿರುವವರು, ಇವರೆಲ್ಲರ ಕತ್ತಲೆ ನನ್ನ ಕತ್ತಲೆಯಂತಲ್ಲ. ನಕ್ಷತ್ರ ನೋಡುವ ಪುರುಷರು ಈ ಮಾತನ್ನು ಬೇಗ ಮರೆಯುತ್ತಾರೆ. ಇದರ ಜೊತೆಗೇ ಇನ್ನೊಂದಿದೆ. ನಮ್ಮ ಊರುಗಳಲ್ಲಿ ಕಂಬ ಮೊದಲು ಬಂದದ್ದು ದೇವಸ್ಥಾನದ ಬೀದಿಗೆ, ಆಮೇಲೆ ಪಟೇಲರ ಮನೆ ಮುಂದಕ್ಕೆ. ಕೇರಿಗೆ, ಜನತಾ ಕಾಲೋನಿಗೆ ಬಂದದ್ದು ಕಟ್ಟಕಡೆಗೆ, ಅದೂ ಅರ್ಜಿ ಹಿಡಿದು ಅಲೆದ ಮೇಲೆ. ಅಲ್ಲಿ ದೀಪ ಹೊತ್ತಿ ಹತ್ತು ವರ್ಷವಾಗುವುದರೊಳಗೆ ಮೇಲಿನ ಬೀದಿಯವರಿಗೆ ಕತ್ತಲೆಯ ಸೊಬಗು ಜ್ಞಾಪಕಕ್ಕೆ ಬಂದರೆ ಕಾಲೋನಿಯವರು ನಗದೆ ಏನು ಮಾಡಿಯಾರು? ಈ ಎರಡು ಆಕ್ಷೇಪಗಳ ಎದುರು ನನ್ನ ವಾದ ಗೆಲ್ಲುವುದಿಲ್ಲ, ಬಗ್ಗುತ್ತದೆ. ಬಸ್ ನಿಲ್ದಾಣ, ಆಸ್ಪತ್ರೆ, ಹಾಸ್ಟೆಲಿನ ದಾರಿಗಳ ದೀಪ ಇಡೀ ರಾತ್ರಿ ಇರಲಿ, ಹಳದಿ ಬೆಳಕಿನದಾಗಿ, ಮುಖ ಕೆಳಗೆ ಮಾಡಿಕೊಂಡು ಇರಲಿ. ಆರಿಸುವ ಹೊತ್ತನ್ನು ಕೊನೆಯ ಬಸ್ಸು ತೀರ್ಮಾನಿಸಲಿ. ಆರಿಸುವ ಸಾಲು ಬಂದ ಸಾಲಿನ ಕ್ರಮದಲ್ಲೇ ಇರಲಿ: ಮೊದಲು ದೇವಸ್ಥಾನದ ಬೀದಿ, ಆಮೇಲೆ ಪಂಚಾಯಿತಿ ಅಧ್ಯಕ್ಷರ ಮನೆ ಮುಂದಿನದು. ಕಾಲೋನಿಯ ದೀಪದ ಮಾತನ್ನು ಕಾಲೋನಿಯವರೇ ಎತ್ತಲಿ, ಎತ್ತದಿದ್ದರೆ ಅದು ಉರಿಯಲಿ.

ಹಾವು, ಚಿರತೆ, ಆನೆಗಳ ಭಯಕ್ಕೆ ಉತ್ತರ ಹೇಳುವುದು ಇದಕ್ಕಿಂತ ಹಗುರ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ಮನೆಯೊಳಗೆ ನೆಲದ ಮೇಲೆ ಮಲಗಿದವರನ್ನು, ಅಲ್ಲಿಗೆ ಬೀದಿಯ ಬೆಳಕು ಮುಟ್ಟುವುದಿಲ್ಲ. ಬದಲಿಗೆ ದೀಪಕ್ಕೆ ಹುಳು, ಹುಳುವಿಗೆ ಕಪ್ಪೆ ಬಂದು ಕಂಬದ ಬುಡದಲ್ಲಿ ಸಂತೆ ನೆರೆಯುತ್ತದೆ. ಆ ಸಂತೆಗೆ ಕಪ್ಪೆಯ ಗಿರಾಕಿಯೂ ಬಂದಾನು. ಚಿರತೆ ಬೆಳಕಿಗೆ ಹೆದರುವಂತಿದ್ದರೆ ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಬಡಾವಣೆಗಳಲ್ಲಿ ಅದು ಸುಳಿಯಲೇಬಾರದಿತ್ತು. ಕಸದ ರಾಶಿ, ರಾಶಿಗೆ ನಾಯಿ, ನಾಯಿಗೆ ಚಿರತೆ, ಆ ಸರಪಳಿಯಲ್ಲಿ ದೀಪಕ್ಕೆ ಜಾಗವಿಲ್ಲ. ಆನೆಯ ವಿಷಯದಲ್ಲಿ ತಮಿಳುನಾಡಿನ ವಾಲ್ಪಾರೈ ಕಲಿಸುವುದು ಬಹಳವಿದೆ. ಅಲ್ಲಿನ ಟೀ ತೋಟಗಳ ನಡುವೆ ಎತ್ತರದಲ್ಲಿ ಕೆಂಪು ಎಚ್ಚರಿಕೆ ದೀಪಗಳನ್ನು ನಿಲ್ಲಿಸಿದ್ದಾರೆ. ಆನೆ ಹತ್ತಿರವಿದೆ ಎಂದು ತಿಳಿದ ಸ್ಥಳೀಯರು ಮೊಬೈಲಿನಿಂದಲೇ ಅದನ್ನು ಹೊತ್ತಿಸುತ್ತಾರೆ. ಉಳಿದ ಹೊತ್ತು ಅದು ಸುಮ್ಮನಿರುವುದರಿಂದಲೇ ಹೊತ್ತಿದಾಗ ಅದಕ್ಕೊಂದು ಅರ್ಥ. ಜರ್ಮನಿಯ ಡ್ಯೋರೆನ್‌ಟ್ರುಪ್ ಎಂಬ ಸಣ್ಣ ಊರು ಇದೇ ಉಪಾಯವನ್ನು ಬೀದಿ ದೀಪಕ್ಕೆ ಬಳಸಿತು. ತಡರಾತ್ರಿ ದೀಪ ಆರಿರುತ್ತದೆ, ನಡೆಯಬೇಕಾದವರು ಫೋನ್ ಮಾಡಿದರೆ ಆ ಬೀದಿಯದು ಸ್ವಲ್ಪ ಹೊತ್ತು ಹೊತ್ತಿಕೊಳ್ಳುತ್ತದೆ. ಮಿಸ್ಡ್ ಕಾಲ್ ಕೊಟ್ಟು ದೂರದ ತೋಟದ ಪಂಪ್‌ಸೆಟ್ ಚಾಲೂ ಮಾಡುವ ನಮ್ಮ ರೈತರಿಗೆ ಇದೇನೂ ವಿದೇಶೀ ವಿದ್ಯೆಯಲ್ಲ.

ಅಷ್ಟು ಮಾಡದಿದ್ದರೂ ಒಂದು ಟೈಮರ್ ಪೆಟ್ಟಿಗೆ ಸಾಕು ಎನ್ನುವವರಿದ್ದಾರೆ. ಸಾಲದು. ಸಾದಾ ಟೈಮರಿನ ಗಡಿಯಾರ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ವಾರ ಕಳೆಯುವುದರೊಳಗೆ ಅದರ ಮಧ್ಯರಾತ್ರಿ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಬಂದಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್, ಅಮೆರಿಕದ ಅನೇಕ ಪಟ್ಟಣಗಳು ಚಂದ್ರನ ಲೆಕ್ಕ ಹಿಡಿದು ಬೆಳದಿಂಗಳ ರಾತ್ರಿಗಳಲ್ಲಿ ಬೀದಿ ದೀಪ ಹಚ್ಚುತ್ತಲೇ ಇರಲಿಲ್ಲ. ಗೋಡೆಗೆ ಪಂಚಾಂಗ ತೂಗುಹಾಕಿಕೊಂಡ ನಮಗೆ ಅದು ಇನ್ನೂ ಸುಲಭ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಚಂದ್ರನ ಮೇಲೂ ಭರವಸೆ ಇಡುವಂತಿಲ್ಲ. ಕೊನೆಗೆ ಉಳಿಯುವುದು ನೀರುಗಂಟಿಯೇ. ಹಲವು ಊರುಗಳಲ್ಲಿ ಸಂಜೆ ಸ್ವಿಚ್ಚು ಹಾಕುವವನೂ ಅವನೇ, ಬೆಳಗಿನ ಐದಕ್ಕೆ ಟ್ಯಾಂಕಿಗೆ ನೀರು ಬಿಡಲು ಎಲ್ಲರಿಗಿಂತ ಮೊದಲು ಬೀದಿಗಿಳಿಯುವವನೂ ಅವನೇ. ರಾತ್ರಿ ಹನ್ನೊಂದಕ್ಕೆ ಇನ್ನೊಂದು ಸುತ್ತು ಬರಬೇಕೆಂದರೆ ಅವನ ಸಂಬಳದ ಮಾತೂ ಅದೇ ಸಭೆಯಲ್ಲಿ ಆಗಬೇಕು. ಅದಕ್ಕಾಗಿಯಾದರೂ ಮೊದಲು ಎದುರು ಗೋಡೆಗೆ ಒರಗಿ ನಿಂತಿರುವ ಅವನನ್ನು ಕರೆದು ಕೂರಿಸಿ, ಯಾವ ಕಂಬದ ದೀಪ ನಿನಗೆ ನಿಜವಾಗಿ ಬೇಕು ಎಂದು ಕೇಳಬಹುದು.